ಲೇಹ್‌ಗೂ ಕಂಪಾಲಾಕ್ಕೂ ಒಂದೇ ಔಷಧದ ಚೀಲ ಸಾಲುವುದೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮೇ ತಿಂಗಳ ಕೊನೆಯಲ್ಲಿ ನಾನು, ಹೆಂಡತಿ, 11 ವರ್ಷದ ಮಗಳು ಮತ್ತು 66 ವರ್ಷದ ಅಮ್ಮ ವಿಮಾನದಲ್ಲಿ ಲೇಹ್‌ಗೆ ಹೋಗಿ ಆರು ರಾತ್ರಿ ಇದ್ದು ಬರುವವರಿದ್ದೇವೆ. ಎರಡನೆಯ ದಿನವೇ ಪಾಂಗಾಂಗ್ ಸರೋವರಕ್ಕೆ ಹೋಗಿ ಅಲ್ಲಿಯೇ ತಂಗುವ ಯೋಜನೆ. ಆಗಸ್ಟ್ 10ಕ್ಕೆ ಉಗಾಂಡಾದ ಕಂಪಾಲಾದಲ್ಲಿ ಹೋಟೆಲ್ ನಡೆಸುತ್ತಿರುವ ಅಣ್ಣನ ಮನೆಗೆ ಮೂರು ವಾರಕ್ಕೆ ಹೊರಡುತ್ತೇವೆ. ಅಮ್ಮನಿಗೆ ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮತ್ತು ಕ್ಲೋರ್ಥಾಲಿಡೋನ್ ಸೇರಿದ ಮಾತ್ರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್ ನಡೆಯುತ್ತಿವೆ. ಲೇಹ್‌ಗೆ ಎಲ್ಲರೂ ಡಯಾಮಾಕ್ಸ್ ತೆಗೆದುಕೊಂಡರೆ ಸಾಕೆಂದು ಟೂರ್‌ನವರು ಹೇಳುತ್ತಾರೆ. ಮಲೇರಿಯಾ ಮಾತ್ರೆ ಬೇಡವೇ ಬೇಡ, ನಾವು ಇಲ್ಲಿ ಇಪ್ಪತ್ತು ವರ್ಷದಿಂದ ಏನೂ ತೆಗೆದುಕೊಂಡಿಲ್ಲ ಎಂದು ಅಣ್ಣ ಹೇಳುತ್ತಾನೆ. ಎರಡೂ ಪ್ರಯಾಣಕ್ಕೆ ಯಾವ ಯಾವ ಔಷಧ ಇಟ್ಟುಕೊಳ್ಳಬೇಕೆಂದು ಪಟ್ಟಿ ಕೊಡುವಿರಾ?

ಉತ್ತರ: ಪಟ್ಟಿಯನ್ನು ಕೊಡಬಲ್ಲೆ, ಆದರೆ ಅದನ್ನು ಮೊದಲು ಕೊಟ್ಟರೆ ನೀವು ನೇರವಾಗಿ ಮೆಡಿಕಲ್ ಅಂಗಡಿಗೆ ಹೋಗುತ್ತೀರಿ ಎಂಬ ಭಯ ನನಗಿದೆ. ನಿಮ್ಮ ಎರಡೂ ಪ್ರಯಾಣಗಳಲ್ಲಿ ಔಷಧಕ್ಕಿಂತ ಮುಂಚೆ ನೋಡಬೇಕಾದದ್ದು ಗೋಡೆಯ ಮೇಲಿನ ಕ್ಯಾಲೆಂಡರನ್ನು. ಲೇಹ್‌ನಲ್ಲಿ ದೇಹ ಹೊಂದಿಕೊಳ್ಳುವುದಕ್ಕೆ ಇಷ್ಟು ದಿನ ಬೇಕು, ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದಕ್ಕೆ ಇಷ್ಟು ದಿನ ಬೇಕು, ಮಲೇರಿಯಾ ಮಾತ್ರೆಯನ್ನು ಹೋಗುವ ಮೊದಲು ಇಷ್ಟು ದಿನ, ಬಂದ ಮೇಲೆ ಇಷ್ಟು ದಿನ ನುಂಗಬೇಕು. ಮಾಟುಂಗದ ನನ್ನ ಕ್ಲಿನಿಕ್ಕಿಗೆ ಪ್ರಯಾಣದ ಸಲಹೆ ಕೇಳಿ ಬರುವವರಲ್ಲಿ ಹೆಚ್ಚಿನವರು ಟಿಕೆಟ್ಟು, ಹೋಟೆಲು, ಟ್ಯಾಕ್ಸಿ ಎಲ್ಲವನ್ನೂ ಗೊತ್ತುಮಾಡಿಕೊಂಡು ಹೊರಡುವ ವಾರದಲ್ಲಿ ಬರುತ್ತಾರೆ. ಆಗ ನನ್ನ ಕೈಯಲ್ಲಿ ಉಳಿಯುವುದು ಮಾತ್ರೆ ಬರೆಯುವ ಕೆಲಸವೊಂದೇ. ನೀವು ಏಪ್ರಿಲ್‌ನಲ್ಲೇ ಕೇಳಿರುವುದರಿಂದ ದಿನಗಳನ್ನು ಹಿಂದೆ ಮುಂದೆ ಸರಿಸುವ ಅವಕಾಶ ಇನ್ನೂ ಇದೆ.

ಮೊದಲು ಲೇಹ್ ಬಗ್ಗೆ ಹೇಳುತ್ತೇನೆ. ಪಟ್ಟಣವಿರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಇಲ್ಲಿಯೂ ಶೇಕಡಾ 21ರಷ್ಟೇ. ಕಡಿಮೆಯಾಗುವುದು ವಾಯುವಿನ ಒತ್ತಡ. ಆ ಎತ್ತರದಲ್ಲಿ ಒತ್ತಡವು ಡೊಂಬಿವಲಿಯ ಮೂರನೆಯ ಎರಡು ಭಾಗದಷ್ಟೇ ಇರುವುದರಿಂದ ಪ್ರತಿ ಉಸಿರಿಗೂ ರಕ್ತಕ್ಕೆ ಸೇರುವ ಆಮ್ಲಜನಕ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಇದಕ್ಕೆ ದೇಹವು ಉಸಿರಾಟದ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ, ಮೂತ್ರಪಿಂಡಗಳು ರಕ್ತದ ಕ್ಷಾರವನ್ನು ಹೊರಗೆ ಹಾಕಿ ಆ ವೇಗದ ಉಸಿರಾಟಕ್ಕೆ ದಾರಿ ಮಾಡಿಕೊಡುತ್ತವೆ. ಈ ಎರಡನೆಯ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುವಂಥದಲ್ಲ. ಆದ್ದರಿಂದ ಬೆಳಿಗ್ಗೆ ವಿಮಾನದಿಂದ ಇಳಿದಾಗ ಹಾಯಾಗಿರುವವರಿಗೆ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು, ವಿಪರೀತ ದಣಿವು ಶುರುವಾಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಕ್ಕಿಂತ ಹೆಚ್ಚಾಗಿ ಮೈಮೇಲೆ ತಿಳಿದುಕೊಂಡವನು. ನಲವತ್ತರ ಆಸುಪಾಸಿನಲ್ಲಿ ಮೊದಲ ಸಲ ಲೇಹ್‌ಗೆ ಹೋದಾಗ, ಇಳಿದ ದಿನ ಮಧ್ಯಾಹ್ನ ಊಟ ಮಾಡಿ, ಏನೂ ಆಗಿಲ್ಲವಲ್ಲ ಎಂಬ ಜಂಭದಲ್ಲಿ ಶಾಂತಿ ಸ್ತೂಪದ ಮೆಟ್ಟಿಲುಗಳನ್ನು ಹತ್ತಿದೆ. ರಾತ್ರಿ ಹನ್ನೊಂದಕ್ಕೆ ತಲೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದಂತೆ ನೋವು. ಬಚ್ಚಲುಮನೆಯ ತಣ್ಣನೆಯ ನೆಲದ ಮೇಲೆ ಕುಳಿತು ಎರಡು ಸಲ ವಾಂತಿ ಮಾಡಿದೆ. ಚೀಲದಲ್ಲಿ ಡಯಾಮಾಕ್ಸ್ ಇತ್ತು, ಸ್ಟ್ರಿಪ್ ಒಡೆದಿರಲಿಲ್ಲ. ಮರುದಿನ ಇಡೀ ದಿನ ಮಲಗಿದ್ದೆ, ಸಂಜೆಯ ಹೊತ್ತಿಗೆ ಸುಧಾರಿಸಿತು. ನಾನು ಆ ಮರುದಿನವೇ ಪಾಂಗಾಂಗ್‌ಗೆ ಹೊರಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ನಿಮ್ಮ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ಆ ಎರಡನೆಯ ರಾತ್ರಿ. ಪಾಂಗಾಂಗ್ 4,200 ಮೀಟರಿಗಿಂತ ಮೇಲಿದೆ, ಅಲ್ಲಿಗೆ ಹೋಗುವ ದಾರಿಯಲ್ಲಿ ಅದಕ್ಕಿಂತಲೂ ಎತ್ತರದ ಚಾಂಗ್ ಲಾ ಎಂಬ ಕಣಿವೆದಾರಿ ದಾಟಬೇಕು, ದೊಡ್ಡ ಆಸ್ಪತ್ರೆ ಇರುವುದು ಹಿಂದೆ ಲೇಹ್‌ನಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಇದ್ದಲ್ಲೇ ಇರಬೇಕು ಎಂಬುದು ಪರ್ವತ ವೈದ್ಯರು ಪಾಲಿಸುವ ನಿಯಮ. ನೀವು ಸಮುದ್ರಮಟ್ಟದಿಂದ ಒಂದೇ ನೆಗೆತಕ್ಕೆ 3,500 ಮೀಟರಿಗೆ ಹೋಗಿ, ಒಂದು ರಾತ್ರಿ ಕಳೆದು, ಇನ್ನೂ 700 ಮೀಟರ್ ಏರಿ ಮಲಗಲು ಹೊರಟಿದ್ದೀರಿ. ಲೇಹ್‌ನಲ್ಲಿ ಮೊದಲ 48 ಗಂಟೆ ವಿಶ್ರಾಂತಿ ಪಡೆಯಿರಿ ಎಂದು ಅಲ್ಲಿನ ಆಡಳಿತವೇ ಪ್ರವಾಸಿಗರಿಗೆ ಹೇಳುತ್ತದೆ. ಟೂರ್‌ನವರು ಆ ವಿಶ್ರಾಂತಿಯ ದಿನವನ್ನು ‘ಲೋಕಲ್ ಸೈಟ್‌ಸೀಯಿಂಗ್’ ಎಂದು ಬರೆದು ತುಂಬಿಸಿಬಿಡುತ್ತಾರೆ.

ನನ್ನ ಸಲಹೆ ಇದು: ಸಾಧ್ಯವಿದ್ದರೆ ಹೋಗುವಾಗ ಶ್ರೀನಗರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರಸ್ತೆ ಹಿಡಿಯಿರಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700, ಆಲ್ಚಿ ಸುಮಾರು 3,100, ಆಮೇಲೆ ಲೇಹ್. ಒಂದೊಂದು ರಾತ್ರಿ ಒಂದೊಂದು ಕಡೆ ತಂಗಿದರೆ ಮೆಟ್ಟಿಲು ಹತ್ತಿದ ಹಾಗೆ ದೇಹ ಹೊಂದಿಕೊಳ್ಳುತ್ತದೆ. ಮನಾಲಿಯ ರಸ್ತೆ ಚಂದವಿದ್ದರೂ ಅದರಲ್ಲಿ ಸರ್ಚು ಎಂಬಲ್ಲಿ 4,200 ಮೀಟರಿಗೂ ಮೇಲೆ ರಾತ್ರಿ ತಂಗಿಸುತ್ತಾರೆ. ತಾಯಿಯವರನ್ನು ಆ ದಾರಿಯಲ್ಲಿ ಕರೆದುಕೊಂಡು ಹೋಗಬೇಡಿ. ವಿಮಾನವೇ ಬೇಕೆಂದಾದರೆ ಲೇಹ್‌ನಲ್ಲಿ ಎರಡು ಪೂರ್ಣ ದಿನ ಸುಮ್ಮನೆ ಇದ್ದು, ಮೂರನೆಯ ದಿನ ನುಬ್ರಾ ಕಡೆ ಹೋಗಿ. ಆ ದಾರಿಯ ಖರ್ದುಂಗ್ ಲಾದ ಫಲಕದಲ್ಲಿ ಬಹಳ ವರ್ಷ 18,380 ಅಡಿ ಎಂದು ಬರೆದಿತ್ತು. ನಿಜವಾದ ಎತ್ತರ ಸುಮಾರು 5,359 ಮೀಟರ್, ಅಂದರೆ 17,600 ಅಡಿಯ ಹತ್ತಿರ. ಅಷ್ಟಾದರೂ ಗಾಳಿಯ ಒತ್ತಡ ಅಲ್ಲಿ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಹಾಗಾಗಿ ಫೋಟೊ ತೆಗೆದುಕೊಂಡು ಕಾಲು ಗಂಟೆಯೊಳಗೆ ಇಳಿಯಿರಿ. ನುಬ್ರಾ ಕಣಿವೆ ಲೇಹ್‌ಗಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಮಲಗುವುದು ಹಗುರ. ಪಾಂಗಾಂಗ್‌ನಲ್ಲಿ ತಂಗುವುದನ್ನು ಈ ಸಲ ಕೈಬಿಡಿ.

ಈಗ ಡಯಾಮಾಕ್ಸ್. ಅದರಲ್ಲಿರುವ ಔಷಧದ ಹೆಸರು ಅಸೆಟಜೋಲಮೈಡ್. ಅದು ನೋವಿನ ಮಾತ್ರೆಯಲ್ಲ. ಮೂತ್ರಪಿಂಡಗಳು ನಿಧಾನವಾಗಿ ಮಾಡುವ ಆ ಕ್ಷಾರ ಹೊರಹಾಕುವ ಕೆಲಸವನ್ನು ಬೇಗ ಮಾಡಿಸಿ ಉಸಿರಾಟವನ್ನು ಚುರುಕುಗೊಳಿಸುತ್ತದೆ. ವಯಸ್ಕರಿಗೆ ತಡೆಗಟ್ಟುವ ಪ್ರಮಾಣ 125 ಮಿಲಿಗ್ರಾಂ ದಿನಕ್ಕೆರಡು ಸಲ. ಇಲ್ಲಿ ಸಾಮಾನ್ಯವಾಗಿ ಸಿಗುವುದು 250ರ ಮಾತ್ರೆಯಾದ್ದರಿಂದ ಅರ್ಧ ಬೆಳಿಗ್ಗೆ, ಅರ್ಧ ಸಂಜೆ. ಎತ್ತರಕ್ಕೆ ಏರುವ ಹಿಂದಿನ ದಿನ ಶುರುಮಾಡಿ, ಲೇಹ್ ತಲುಪಿದ ಮೇಲೆ ಎರಡು ದಿನವಾದರೂ ಮುಂದುವರಿಸಬೇಕು. ಬೆರಳ ತುದಿ, ತುಟಿ ಜುಮುಜುಮು ಎನ್ನುತ್ತವೆ, ಮೂತ್ರ ಹೆಚ್ಚು ಹೋಗುತ್ತದೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ, ಇವಕ್ಕೆ ಹೆದರಬೇಕಾಗಿಲ್ಲ. ಸಲ್ಫಾ ಔಷಧಕ್ಕೆ ಹಿಂದೆ ತೀವ್ರವಾದ ಅಲರ್ಜಿ ಆದವರು, ಮೂತ್ರಪಿಂಡ ಅಥವಾ ಯಕೃತ್ತಿನ ದೊಡ್ಡ ತೊಂದರೆ ಇರುವವರು ತೆಗೆದುಕೊಳ್ಳಬಾರದು. ವಿಮಾನದಲ್ಲೇ ಹೋಗುವುದಾದರೆ ನಿಮಗೂ ನಿಮ್ಮ ಪತ್ನಿಗೂ ಇದು ಯೋಗ್ಯ. ಮಗಳಿಗೆ ತೂಕ ನೋಡಿ ಮಕ್ಕಳ ವೈದ್ಯರು ಪ್ರಮಾಣ ಹೇಳಬೇಕು.

ತಾಯಿಯವರ ವಿಷಯ ಬೇರೆ. ‘ಎಲ್ಲರೂ ಡಯಾಮಾಕ್ಸ್ ತೆಗೆದುಕೊಂಡರೆ ಸಾಕು’ ಎಂಬ ಮಾತು ಕೆಡುವುದು ಇಲ್ಲಿಯೇ. ಕ್ಲೋರ್ಥಾಲಿಡೋನ್ ಮೂತ್ರದ ಮೂಲಕ ನೀರನ್ನೂ ಪೊಟ್ಯಾಸಿಯಮ್ಮನ್ನೂ ಕಳೆಯುತ್ತದೆ, ಡಾಪಾಗ್ಲಿಫ್ಲೋಜಿನ್ ಸಕ್ಕರೆಯ ಜೊತೆ ನೀರನ್ನು ಕಳೆಯುತ್ತದೆ, ಇವುಗಳ ಮೇಲೆ ಡಯಾಮಾಕ್ಸ್ ಸೇರಿದರೆ ಮೂರನೆಯ ತೂತು ಕೊರೆದಂತೆ. ಅದಲ್ಲದೆ ಡಯಾಮಾಕ್ಸ್ ರಕ್ತವನ್ನು ಸ್ವಲ್ಪ ಆಮ್ಲೀಯವಾಗಿಸುತ್ತದೆ. ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿ ಮೆಟ್‌ಫಾರ್ಮಿನ್‌ಗೂ, ಊಟ ಸೇರದೆ ವಾಂತಿಯಾಗುವವರಲ್ಲಿ ಡಾಪಾಗ್ಲಿಫ್ಲೋಜಿನ್‌ಗೂ ಅದೇ ಸ್ವಭಾವವಿದೆ. ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆಯ ಅಂಕಿ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು, ಗ್ಲುಕೋಮೀಟರ್ ನೋಡಿ ಮನೆಯವರು ನಿಶ್ಚಿಂತರಾಗಿಬಿಡುತ್ತಾರೆ. ಆದ್ದರಿಂದ ಮುಂದಿನ ಹದಿನೈದು ದಿನಗಳೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಮ್, ಸಕ್ಕರೆಯ ಮೂರು ತಿಂಗಳ ಸರಾಸರಿ ಮತ್ತು ಇಸಿಜಿ ಮಾಡಿಸಿ, ಅವರ ವೈದ್ಯರ ಮುಂದಿಡಿ. ಪ್ರಯಾಣದ ದಿನಗಳಿಗೆ ಡಾಪಾಗ್ಲಿಫ್ಲೋಜಿನ್ ಬದಲಿಸಬೇಕೇ ಎಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಿದರೆ ಎದೆ ಹಿಡಿದಂತಾಗುವುದೇ ಎಂಬುದನ್ನೂ ಗಮನಿಸಿ. ಆಗುವುದಾದರೆ ಹೃದಯದ ಪರೀಕ್ಷೆ ಮುಗಿಯುವವರೆಗೆ ಲೇಹ್ ಮಾತೇ ಬೇಡ. ಎಲ್ಲವೂ ಸರಿಯಿದ್ದರೆ ನಾನಾದರೆ ಅವರಿಗೆ ಮಾತ್ರೆಯ ಬದಲು ಕಾರ್ಗಿಲ್ ಮತ್ತು ಆಲ್ಚಿಯ ಎರಡು ರಾತ್ರಿಗಳನ್ನು ಬರೆದುಕೊಡುತ್ತೇನೆ. ಮೊದಲ ದಿನಗಳಲ್ಲಿ ರಕ್ತದೊತ್ತಡ ಕೊಂಚ ಏರುವುದು ಸಹಜ. ದಿನಕ್ಕೆರಡು ಸಲ ಅಳೆದು ಬರೆದಿಡಿ, ಹೆದರಿ ಮಾತ್ರೆ ದುಪ್ಪಟ್ಟು ಮಾಡಬೇಡಿ.

ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ತಲೆನೋವಿನೊಡನೆ ವಾಕರಿಕೆ, ದಣಿವು ಇದ್ದರೆ ಅದು ಹೋಗುವ ತನಕ ಒಂದಡಿಯೂ ಮೇಲಕ್ಕೆ ಹೋಗಬಾರದು. ಎರಡು ಚಿಹ್ನೆಗಳನ್ನು ಮನೆಯ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ. ಒಂದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲಾಗದೆ ಓಲಾಡುವುದು, ಮಾತು ತಪ್ಪುವುದು, ಮಂಕಾಗುವುದು: ಇದು ಮಿದುಳು ಊದಿಕೊಳ್ಳುತ್ತಿರುವ ಸೂಚನೆ. ಇನ್ನೊಂದು, ಸಾಮಾನ್ಯವಾಗಿ ಎರಡನೆಯ ರಾತ್ರಿಯಿಂದ ನಾಲ್ಕನೆಯ ರಾತ್ರಿಯೊಳಗೆ ಬರುವ ಕೆಮ್ಮು, ಸುಮ್ಮನೆ ಕುಳಿತಾಗಲೂ ಏದುಸಿರು: ಇದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ. 1962ರ ಯುದ್ಧದ ಕಾಲದಲ್ಲಿ ಬಯಲುಸೀಮೆಯಿಂದ ತರಾತುರಿಯಲ್ಲಿ ಮೇಲಕ್ಕೆ ಸಾಗಿಸಿದ ನಮ್ಮ ಸೈನಿಕರಲ್ಲಿ ಇದನ್ನು ಬಹಳವಾಗಿ ಕಂಡು, ಜಗತ್ತಿಗೆ ವಿವರವಾಗಿ ತಿಳಿಸಿಕೊಟ್ಟವರಲ್ಲಿ ಭಾರತೀಯ ಸೇನೆಯ ವೈದ್ಯರು ಪ್ರಮುಖರು. ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಮ್ಲಜನಕ ಕೊಡಿಸಬೇಕು, ಕೆಳಕ್ಕೆ ಇಳಿಸಬೇಕು, ಲೇಹ್‌ನಲ್ಲಿಯೇ ಇದ್ದರೆ ಅಲ್ಲಿನ ಸೋನಂ ನೊರ್ಬು ಸ್ಮಾರಕ ಆಸ್ಪತ್ರೆಗೆ ಸೇರಿಸಬೇಕು. ಡೆಕ್ಸಾಮೆಥಾಸೋನ್, ನಿಫೆಡಿಪಿನ್ ಎಂಬ ಔಷಧಗಳು ಇಂಥ ಹೊತ್ತಿಗೆ ಬಳಕೆಯಲ್ಲಿವೆಯಾದರೂ ಅವನ್ನು ವೈದ್ಯರಿಲ್ಲದೆ ನುಂಗಿಸುವುದು ಬೇಡ. ಡೆಕ್ಸಾಮೆಥಾಸೋನ್ ತಾಯಿಯವರ ಸಕ್ಕರೆಯನ್ನು ಒಮ್ಮೆಲೇ ಏರಿಸಿಬಿಡುತ್ತದೆ.

ಕರ್ಪೂರದ ಗಂಟು ಮೂಸುವುದು, ಬೆಳ್ಳುಳ್ಳಿ ಸೂಪು, ಕೋಕಾ ಎಂಬ ಹೋಮಿಯೋಪತಿ ಗುಳಿಗೆ, ಇವುಗಳಿಂದ ರೋಗ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸೂಪು ಬಿಸಿಯಾಗಿರುತ್ತದೆ, ಕುಡಿಯಿರಿ. ಡಬ್ಬಿಯಲ್ಲಿ ಮಾರುವ ಆಮ್ಲಜನಕ ಕೆಲವೇ ನಿಮಿಷಗಳ ಸಮಾಧಾನ. ಮದ್ಯ ಮತ್ತು ನಿದ್ದೆ ಮಾತ್ರೆ ಎರಡೂ ರಾತ್ರಿಯ ಉಸಿರಾಟವನ್ನು ಮಂದಗೊಳಿಸುವುದರಿಂದ ಬೇಡ.

ಇನ್ನು ಕಂಪಾಲಾ. ಇಲ್ಲಿ ಎಲ್ಲಕ್ಕಿಂತ ಮೊದಲನೆಯದು ಯೆಲ್ಲೋ ಫೀವರ್ ಎಂದೇ ಎಲ್ಲರೂ ಕರೆಯುವ ಹಳದಿ ಜ್ವರದ ಲಸಿಕೆ. ಉಗಾಂಡಾ ಪ್ರವೇಶಕ್ಕೂ ಅದರ ಪ್ರಮಾಣಪತ್ರ ಬೇಕು, ಭಾರತಕ್ಕೆ ಮರಳುವಾಗಲೂ ಬೇಕು. ನಮ್ಮಲ್ಲಿ ಆ ರೋಗವಿಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಧಾರಾಳವಾಗಿದೆ. ಡೆಂಗಿ ಹರಡುವುದೂ ಅದೇ. ಅದಕ್ಕಾಗಿಯೇ ನಮ್ಮ ಸರ್ಕಾರ ಇಷ್ಟು ಬಿಗಿ. ಪ್ರಮಾಣಪತ್ರವಿಲ್ಲದೆ ಇಳಿದವರನ್ನು ಆರು ದಿನಗಳ ವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಮುಂಬೈಯಲ್ಲಿ ವಿಮಾನ ನಿಲ್ದಾಣದ ಮತ್ತು ಬಂದರಿನ ಆರೋಗ್ಯ ಸಂಸ್ಥೆಗಳು ಈ ಕೆಲಸ ಮಾಡುತ್ತವೆ, ಗೋವಾದ ಓದುಗರಿಗೆ ಮುರ್ಮಗೋವಾ ಬಂದರಿನದು ಇದೆ. ಹಲವು ಡೋಸ್‌ಗಳ ಸೀಸೆಯನ್ನು ಒಮ್ಮೆ ತೆರೆದರೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕಾದ್ದರಿಂದ ಗೊತ್ತುಪಡಿಸಿದ ದಿನದಂದೇ ಕರೆಯುತ್ತಾರೆ, ಹೆಸರನ್ನು ಮುಂಚಿತವಾಗಿ ನೋಂದಾಯಿಸಿ. ಪಾಸ್‌ಪೋರ್ಟನ್ನು ಒಯ್ಯಿರಿ, ಹಳದಿ ಪುಸ್ತಿಕೆಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಲಸಿಕೆಯ ಬ್ಯಾಚ್ ಸಂಖ್ಯೆ, ಮೊಹರು, ಸಹಿ ಎಲ್ಲವೂ ಸರಿಯಾಗಿದೆಯೇ ಎಂದು ಅಲ್ಲಿಯೇ ನಿಂತು ಓದಿ ನೋಡಿ. ಚುಚ್ಚಿಸಿಕೊಂಡ 10 ದಿನದ ಮೇಲೆ ಅದು ಊರ್ಜಿತ, 2016ರ ಜುಲೈ 11ರಿಂದ ಜಾರಿಯಾದ ನಿಯಮದಂತೆ ಆಜೀವ ಸಲ್ಲುತ್ತದೆ. ನೀವು ಮೂವರೂ ಲೇಹ್‌ನಿಂದ ಬಂದ ಮೇಲೆ ಜೂನ್‌ನಲ್ಲಿ ಹಾಕಿಸಿಕೊಳ್ಳಿ. ಇದು ಜೀವಂತ ಲಸಿಕೆ, ಕೆಲವರಿಗೆ ಕೆಲವು ದಿನ ಮೈಕೈ ನೋವು, ಜ್ವರ ಬರುತ್ತದೆ. ಆ ಜ್ವರ ಹೊತ್ತು ಎತ್ತರಕ್ಕೆ ಹೋಗುವುದು ಬೇಡ. ಮೊಟ್ಟೆಯ ತೀವ್ರ ಅಲರ್ಜಿ ಯಾರಿಗಾದರೂ ಇದ್ದರೆ ಮೊದಲೇ ತಿಳಿಸಬೇಕು.

ತಾಯಿಯವರು ಇದನ್ನು ಹಿಂದೆ ಎಂದೂ ಹಾಕಿಸಿಕೊಂಡಿಲ್ಲವಾದರೆ ಸ್ವಲ್ಪ ನಿಲ್ಲಬೇಕಾಗುತ್ತದೆ. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಕೊಟ್ಟಾಗ ಯಕೃತ್ತು, ನರಮಂಡಲಗಳ ಮೇಲೆ ಆಗುವ ಗಂಭೀರ ಅಡ್ಡಪರಿಣಾಮಗಳು ಅಪರೂಪವಾದರೂ ಚಿಕ್ಕವರಿಗಿಂತ ಹೆಚ್ಚು. ವೈದ್ಯರಿಂದ ವಿನಾಯಿತಿ ಪತ್ರ ಪಡೆಯಬಹುದು, ಆದರೆ ಪತ್ರವಿದ್ದರೂ ಇಳಿದಲ್ಲಿ ತಡೆದಿಟ್ಟುಕೊಳ್ಳುವ ಅಧಿಕಾರ ಅಧಿಕಾರಿಗಳಿಗಿದೆ, ಮತ್ತು ಪತ್ರ ಸೊಳ್ಳೆಯನ್ನು ತಡೆಯುವುದಿಲ್ಲ. ಮಗನ ಮನೆ ನೋಡುವ ಆಸೆ ಅವರಿಗೆ ಎಷ್ಟಿರಬಹುದೆಂದು ಬಲ್ಲೆ. ಆದರೂ ನನ್ನ ಅಭಿಪ್ರಾಯದಲ್ಲಿ ಈ ಸಲ ಅಣ್ಣನವರೇ ಊರಿಗೆ ಬರುವುದು ಲೇಸು. ಕರೆದೊಯ್ಯಲೇಬೇಕೆಂದಾದರೆ ಲಸಿಕಾ ಕೇಂದ್ರದ ವೈದ್ಯಾಧಿಕಾರಿಯೊಡನೆ ಕುಳಿತು ಮಾತಾಡಿದ ಮೇಲೆ ನಿರ್ಧರಿಸಿ.

ಮಲೇರಿಯಾ ಮಾತ್ರೆಯ ಬಗ್ಗೆ ನಿಮ್ಮ ಅಣ್ಣನವರು ಹೇಳಿದ್ದು ಅವರ ಮಟ್ಟಿಗೆ ಸುಳ್ಳಲ್ಲ. ಪದೇ ಪದೇ ಸೋಂಕು ತಗುಲುವ ಊರಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಅರೆಬರೆ ರೋಗನಿರೋಧ ಬಂದಿರಬಹುದು. ಆ ನಿರೋಧ ಒಡಹುಟ್ಟಿದವರಿಗೆ ಹಂಚಿಕೆಯಾಗುವುದಿಲ್ಲ. ಮಳೆಗಾಲದ ಮುಂಬೈಯಲ್ಲಿ ಮಲೇರಿಯಾ ಕಂಡವರು ನಾವು ಎಂಬ ಧೈರ್ಯವೂ ಕೆಲಸಕ್ಕೆ ಬಾರದು, ಏಕೆಂದರೆ ಇಲ್ಲಿ ವೈವಾಕ್ಸ್ ಬಗೆಯ ಪಾಲು ದೊಡ್ಡದು, ಉಗಾಂಡಾದಲ್ಲಿ ಬಹುತೇಕ ಎಲ್ಲವೂ ಜೀವಕ್ಕೆ ಎರವಾಗಬಲ್ಲ ಫಾಲ್ಸಿಪಾರಮ್. ನೆಂಟರ ಮನೆಗೆ ಹೋಗುವವರು ಪ್ರವಾಸಿಗರಿಗಿಂತ ಹೆಚ್ಚು ಅಪಾಯಕ್ಕೆ ಸಿಕ್ಕುತ್ತಾರೆ. ಮನೆಗೇ ಹೋಗುತ್ತಿದ್ದೇವಲ್ಲ ಎಂದು ಮಾತ್ರೆಯನ್ನೂ ಸೊಳ್ಳೆ ಪರದೆಯನ್ನೂ ಬಿಟ್ಟು ಹೋಗುವುದೇ ಕಾರಣ.

ನಮ್ಮಲ್ಲಿ ಹೆಸರುವಾಸಿಯಾದ ಕ್ಲೋರೋಕ್ವಿನ್ ಅಲ್ಲಿ ನಡೆಯುವುದಿಲ್ಲ. ಮೂರು ಆಯ್ಕೆಗಳಿವೆ. ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿದ ಮಾತ್ರೆಯನ್ನು ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ದಿನಕ್ಕೊಂದರಂತೆ ಊಟದ ಜೊತೆ, ಮರಳಿದ ಮೇಲೆ 7 ದಿನ. ಒಬ್ಬ ವಯಸ್ಕರಿಗೆ ಮೂರು ವಾರಕ್ಕೆ ಸುಮಾರು 30 ಮಾತ್ರೆ. ಅಡ್ಡಪರಿಣಾಮ ಕಡಿಮೆ, ಬೆಲೆ ಹೆಚ್ಚು, ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲವಾದ್ದರಿಂದ ಜುಲೈ ಮೊದಲ ವಾರವೇ ಹೇಳಿ ತರಿಸಿ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಅಗ್ಗ, ಆದರೆ ಮರಳಿದ ಮೇಲೆ 4 ವಾರ ನುಂಗಬೇಕು, ಒಟ್ಟು 51ರಷ್ಟಾಗುತ್ತದೆ. ಊಟವಾದ ಮೇಲೆ ತುಂಬಿದ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆಯಾದರೂ ಮಲಗದೆ ಇರಬೇಕು, ಇಲ್ಲವಾದರೆ ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕಂದುತ್ತದೆ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಸಲ್ಲದು. ವಾರಕ್ಕೊಮ್ಮೆಯ ಮೆಫ್ಲೋಕ್ವಿನ್ ಎರಡು ವಾರ ಮುಂಚೆ ಶುರುವಾಗಬೇಕು. ಖಿನ್ನತೆ, ಫಿಟ್ಸ್, ಹೃದಯದ ಬಡಿತದ ತೊಂದರೆ ಇದ್ದವರಿಗೆ ಬೇಡ. ನಿಮ್ಮ ಕುಟುಂಬಕ್ಕೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಮಗಳ ಪ್ರಮಾಣವನ್ನು ತೂಕದ ಮೇಲೆ ಲೆಕ್ಕ ಹಾಕಬೇಕು. ಮಾತ್ರೆಯಿದ್ದರೂ ಕತ್ತಲಾದ ಮೇಲೆ ತುಂಬುತೋಳಿನ ಬಟ್ಟೆ, ರಾತ್ರಿ ಪರ್ಮೆಥ್ರಿನ್ ಎಂಬ ಕೀಟನಾಶಕ ಲೇಪಿಸಿದ ಪರದೆ, ಡೀಟ್ ಅಥವಾ ಪಿಕಾರಿಡಿನ್ ಇರುವ ಮುಲಾಮು ಬೇಕು. ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಮುಲಾಮು ಅದರ ಮೇಲೆ.

ಅಣ್ಣನವರು ಖಂಡಿತ ನಿಮ್ಮನ್ನು ವಿಕ್ಟೋರಿಯಾ ಸರೋವರಕ್ಕೆ ಕರೆದೊಯ್ಯುತ್ತಾರೆ. ದೋಣಿಯಲ್ಲಿ ಹೋಗಿ, ಮೀನು ತಿನ್ನಿ, ನೀರಿಗೆ ಮಾತ್ರ ಇಳಿಯಬೇಡಿ; ಅಲ್ಲಿನ ಬಸವನಹುಳುಗಳಿಂದ ಹೊರಬೀಳುವ ಬಿಲ್‌ಹಾರ್ಜಿಯಾ ಹುಳದ ಮರಿಗಳು ಚರ್ಮವನ್ನೇ ಕೊರೆದು ಒಳಹೊಗುತ್ತವೆ, ಮೊಣಕಾಲುದ್ದದ ನೀರೂ ಸಾಕು. ಟೈಫಾಯ್ಡ್ ಲಸಿಕೆಯನ್ನು ಮೂವರೂ ಹಾಕಿಸಿಕೊಳ್ಳಿ. ಹೆಪಟೈಟಿಸ್ ಎ ನಮ್ಮ ತಲೆಮಾರಿನ ಹೆಚ್ಚಿನವರಿಗೆ ಬಾಲ್ಯದಲ್ಲೇ ಬಂದುಹೋಗಿರುತ್ತದೆ, ಫಿಲ್ಟರ್ ನೀರಿನಲ್ಲಿ ಬೆಳೆದ ಮಗಳಿಗೆ ಅದರ ಲಸಿಕೆ ಆಗಿದೆಯೇ ನೋಡಿ. ನಾಯಿ, ಕೋತಿ ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಚೀಲಕ್ಕೆ ಬೇಕಾದದ್ದು ಇಷ್ಟೇ: ನಿತ್ಯದ ಮಾತ್ರೆಗಳು ಒಂದು ವಾರಕ್ಕೆ ಹೆಚ್ಚಾಗಿ, ಅದೂ ಕೈಚೀಲದಲ್ಲಿ, ಸ್ಟ್ರಿಪ್ ಸಮೇತ, ವೈದ್ಯರ ಚೀಟಿಯೊಡನೆ, ಪ್ಯಾರಾಸಿಟಮಾಲ್, ವಾಂತಿಯ ಮಾತ್ರೆ, ಥರ್ಮಾಮೀಟರ್, ಲೀಟರಿಗೊಂದರಂತೆ ಕರಗಿಸುವ ಓಆರ್‌ಎಸ್ ಪೊಟ್ಟಣಗಳು. ಭೇದಿಗೆ ಮೊದಲ ಔಷಧ ಓಆರ್‌ಎಸ್. ರಕ್ತ ಅಥವಾ ಜ್ವರ ಇದ್ದರೆ ಭೇದಿ ಕಟ್ಟಿಸುವ ಲೊಪೆರಮೈಡ್ ಬೇಡ, ವೈದ್ಯರನ್ನು ಕಾಣಿ. ಕಂಪಾಲಾದಲ್ಲಿ ಜ್ವರ ಬಂದರೆ ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ, ಡೆಂಗಿ ಇದ್ದರೆ ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ಮರಳಿದ ಮೇಲಿನ ಜ್ವರದ ಬಗ್ಗೆ ಒಂದು ಮಾತು. ಆಫ್ರಿಕಾದಿಂದ ಬಂದ ಎರಡು ವಾರಕ್ಕೆ ಜ್ವರ ಹಿಡಿದು, ಮಳೆಯಲ್ಲಿ ನೆನೆದದ್ದಕ್ಕೆ ಎಂದು ಮೂರು ದಿನ ಕಷಾಯ ಕುಡಿದು ನನ್ನಲ್ಲಿಗೆ ಬಂದವರ ಕಣ್ಣು ಆಗಲೇ ಹಳದಿಯಾಗಿತ್ತು; ಅವರು ಉಳಿದರು, ಆದರೆ ಐಸಿಯುವಿನಲ್ಲಿ ದಿನಗಳನ್ನು ಕಳೆದ ಮೇಲೆ. ಅಲ್ಲಿ ಕಾಲಿಟ್ಟ ಏಳನೆಯ ದಿನದಿಂದ ಹಿಡಿದು ಮರಳಿದ ಮೇಲೆ ಮೂರು ತಿಂಗಳೊಳಗೆ ಬರುವ ಯಾವ ಜ್ವರವನ್ನೂ, ಮಾತ್ರೆ ತಪ್ಪದೆ ನುಂಗಿದ್ದರೂ, ಮಲೇರಿಯಾ ಎಂದೇ ಎಣಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ವೈದ್ಯರಿಗೆ ಜ್ವರದ ವಿಷಯಕ್ಕಿಂತ ಮೊದಲು ಉಗಾಂಡಾದಿಂದ ಬಂದ ವಿಷಯ ಹೇಳಿ. ಮೊದಲ ವರದಿಯಲ್ಲಿ ಏನೂ ಕಾಣದಿದ್ದರೂ ಜ್ವರ ಇಳಿಯದಿದ್ದರೆ, 12ರಿಂದ 24 ಗಂಟೆಗಳ ಅಂತರದಲ್ಲಿ ಇನ್ನೂ ಎರಡು ಸಲ ರಕ್ತ ಕೊಟ್ಟು ನೋಡಿಸಿ.